ಅಕ್ಕನ ಅಂಗಾಲು ಮತ್ತು ಬಿಸಿಲಿನ ಆ್ಯಪ್

ಮೊನ್ನೆ ಹೈದರಾಬಾದಿನ ಸನತ್‌ನಗರದ ಒಂದು ವರ್ಕ್‌ಶಾಪಿನ ಮುಂದೆ ಮೆಕ್ಯಾನಿಕ್ ಒಬ್ಬ ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಮೊಣಕೈವರೆಗಿನ ಮಸಿ ಒರೆಸಿಕೊಳ್ಳುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಡೆಯುವುದನ್ನು ಬಿಟ್ಟು ನಿಂತೆ. ಅವನು ಒರೆಸಿದ, ಮಸಿ ಹೋಯಿತು, ಚಿಂದಿ ಕಪ್ಪಾಯಿತು. ಚಿಂದಿ ಕಪ್ಪಾದದ್ದನ್ನು ಕಂಡು ನನಗೆ ಸಮಾಧಾನವಾಯಿತು. ಯಾಕೆ ಎಂದು ಅವನಿಗೆ ಹೇಳಿದ್ದರೆ ಹುಚ್ಚ ಎನ್ನುತ್ತಿದ್ದ. ಮೂರು ಬೇಸಿಗೆಯ ಹಿಂದೆ ಇದೇ ವಾಸನೆಯ ನಡುವೆ ನಮ್ಮ ಅಕ್ಕನ ಎಡಗಾಲು ಉಳಿಯುತ್ತದೋ ಇಲ್ಲವೋ ಎಂಬ ಮಾತು ಎದ್ದಿತ್ತು. ಆ ಬೇಸಿಗೆಯನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಅಮರೇಶ. ಲಿಂಗಸುಗೂರು ಕಡೆಯವನು. ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಹೈದರಾಬಾದಿಗೆ ಬಂದೆ. ಬಿಟ್ಟದ್ದಕ್ಕೆ ಅಳುತ್ತ ಕುಳಿತವನಲ್ಲ. ಸೋರುವ ಮಾಳಿಗೆಗಳನ್ನು ಸೋರದಂತೆ ಮಾಡುವುದು ನನ್ನ ಕಸಬು. ಹಿಮಾಯತ್‌ನಗರದ ಹಳೇ ಮನೆಗಳ ಮೇಲೆ, ಆಫೀಸುಗಳ ಮೇಲೆ ನಾನು ಹಾಸಿದ ಡಾಂಬರು ಶೀಟುಗಳು ಎಷ್ಟೋ ಮಳೆಗಾಲ ಕಂಡಿವೆ. ಓದಿದವರು ಕೈಚೆಲ್ಲಿದ ಮಾಳಿಗೆಗಳೂ ಅದರಲ್ಲಿವೆ. ಇದನ್ನು ಜಂಭ ಎನ್ನುವುದಾದರೆ ಎನ್ನಿ.

ಈ ಕೆಲಸ ಬೇಸಿಗೆಯದು. ಮಳೆ ಬರುವ ಮೊದಲು ಮಾಳಿಗೆ ಒಣಗಿರಬೇಕು, ಡಾಂಬರು ಕಾದಿರಬೇಕು, ಶೀಟು ಬಿಸಿಯಾಗಿ ನೆಲಕ್ಕೆ ಕಚ್ಚಬೇಕು. ಊರಿನವರು ಯಾವ ಬಿಸಿಲಿಗೆ ಬಾಗಿಲು ಹಾಕಿಕೊಳ್ಳುತ್ತಾರೋ ಅದೇ ಬಿಸಿಲನ್ನು ನಾವು ಹತ್ತಿ ಹೋಗುತ್ತೇವೆ. ನಮ್ಮದು ಐದು ಜನರ ತಂಡ. ನಾನು, ನಮ್ಮೂರಿನ ದುರ್ಗಪ್ಪ, ಇನ್ನಿಬ್ಬರು, ಮತ್ತು ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಹುಲಿಗೆಮ್ಮ.

ತಂಡದಲ್ಲಿ ಅಕ್ಕನ ಕೆಲಸ ಬೇರೆ ಯಾರಿಗೂ ಬಾರದು. ಶೀಟಿನ ಕೆಳಗೆ ಎಲ್ಲಾದರೂ ಗಾಳಿ ಉಳಿದರೆ ಅದು ಬಿಸಿಲಿಗೆ ಹಪ್ಪಳದಂತೆ ಉಬ್ಬುತ್ತದೆ, ಒಡೆಯುತ್ತದೆ, ಮೊದಲ ಮಳೆಗೇ ನೀರು ಕುಡಿಯುತ್ತದೆ. ಹೊಸದಾಗಿ ಹಾಸಿದಾಗ ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅಕ್ಕನ ಅಂಗಾಲಿಗೆ ಗೊತ್ತಾಗುತ್ತದೆ. ಬೆಳಗಿನ ಆರಕ್ಕೆ, ಶೀಟು ತಣ್ಣಗಿರುವಾಗ, ಸೀರೆ ಎತ್ತಿ ಕಟ್ಟಿ ಬರಿಗಾಲಲ್ಲಿ ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ನಡುವೆ ಒಂದು ಕಡೆ ನಿಂತು, “ಇಲ್ಲಿ ಗಾಳಿ ಐತಿ. ಕೊಯ್ಯಿ” ಎನ್ನುತ್ತಾಳೆ. ನಾನು ಅಲ್ಲಿ ಕೊಯ್ದು, ಗಾಳಿ ಬಿಟ್ಟು, ಕಾಯಿಸಿ ತೇಪೆ ಹಾಕುತ್ತೇನೆ. ಅವಳ ಕಾಲು ಒಂದು ಸಲವೂ ಸುಳ್ಳು ಹೇಳಿದ್ದಿಲ್ಲ.

ನಾವೆಲ್ಲ ಬರಿಗಾಲಿನವರೇ. ಚಪ್ಪಲಿಯ ಅಡಿಗೆ ಸಿಕ್ಕಿಕೊಂಡ ಒಂದು ಹರಳು ಸಾಕು, ಹೊಸ ಶೀಟು ತೂತಾಗುತ್ತದೆ. ಬರಿಗಾಲಿಗೆ ಹಿಮ್ಮಡಿ ಒಡೆಯುತ್ತದೆ, ರಕ್ತ ಬರುತ್ತದೆ. ಅದಕ್ಕೆ ನಮ್ಮದೇ ಒಂದು ಉಪಾಯವಿತ್ತು. ಮಾಳಿಗೆಯ ಬಿರುಕಿಗೆ ತುಂಬುವ ಡಾಂಬರನ್ನೇ ಉಗುರು ಬೆಚ್ಚಗೆ ಮಾಡಿ ಕಡ್ಡಿಯಿಂದ ಹಿಮ್ಮಡಿಯ ಬಿರುಕಿಗೂ ತುಂಬುವುದು. ಮಾಳಿಗೆ ಸೋರುವುದು ನಿಂತರೆ ಹಿಮ್ಮಡಿ ಸೋರುವುದು ನಿಲ್ಲುವುದಿಲ್ಲವೇ? ಅಕ್ಕನ ಹಿಮ್ಮಡಿಗೆ ನಾನೇ ತುಂಬುತ್ತಿದ್ದೆ, ವರ್ಷಗಟ್ಟಲೆ. ನನ್ನ ಕೈ ಹಗುರ ಎಂದು ಅವಳು ಬೇರೆ ಯಾರಿಗೂ ಕಾಲು ಕೊಡುತ್ತಿರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಗಾಯತ್ರಿ ಮೇಡಂ ನಮ್ಮ ಮಾಳಿಗೆ ಹತ್ತಿ ಬಂದರು. ಕಲಬುರಗಿ ಮೂಲದವರು, ಮನೆ ಹಿಮಾಯತ್‌ನಗರದಲ್ಲೇ. ಒಂದು ಸಂಸ್ಥೆಯ ಪರವಾಗಿ ಬಂದಿದ್ದರು. ಕನ್ನಡ ಕೇಳಿ ಅಕ್ಕ ಅವರಿಗೆ ಮೊದಲು ನೀರು ಕೊಟ್ಟಳು, ಆಮೇಲೆ ಯಾಕೆ ಬಂದಿರಿ ಎಂದು ಕೇಳಿದಳು.

“ಬಿಸಿಲಿನಾಗ ಕೆಲಸ ಮಾಡೋರಿಗೆ ಅಂತ ಫೋನಿನಾಗ ಒಂದು ಆ್ಯಪ್ ಮಾಡ್ಯಾರ್ರಿ. ಬಿಸಿಲು ಎಷ್ಟೈತಿ ಹೇಳತೈತಿ, ಮೈಮ್ಯಾಲಿನ ಕಲಿ ಫೋಟೋ ಹಿಡದ್ರ ಚರ್ಮದ ಕ್ಯಾನ್ಸರ್ ಅನುಮಾನ ಐತೋ ಇಲ್ಲೋ ಹೇಳತೈತಿ. ಅದು ಚಲೋ ಐತೋ ಇಲ್ಲೋ ನೀವು ಬಳಸಿ ನೋಡಿ ಹೇಳಬೇಕು.”

“ಬಿಸಲು ಐತಿ ಅಂತ ಹೇಳಾಕ ಫೋನ್ ಬೇಕೇನ ಯವ್ವಾ? ನನ್ನ ನೆತ್ತಿ ಇಲ್ಲೇನು?” ಎಂದಳು ಅಕ್ಕ.

ನಾನೂ ಕೈಮುಗಿದು ಕಳಿಸುವವನಿದ್ದೆ. ಪರೀಕ್ಷೆ ಅಂದರೆ ನನಗೆ ಆಗದು, ಅದಕ್ಕೇ ಶಾಲೆ ಬಿಟ್ಟವನು ಎಂದೆ. ಆಗ ಮೇಡಂ ಒಂದು ಮಾತು ಹೇಳಿದರು. “ಪರೀಕ್ಷಾಕ್ಕ ನೀವು ಕುಂದರಂಗಿಲ್ಲ ಅಮರೇಶಣ್ಣ. ಆ್ಯಪ್ ಕುಂತೈತಿ. ಮಾರ್ಕು ಕೊಡೋರು ನೀವು.”

ಜೀವನದಲ್ಲಿ ಯಾರೂ ನನಗೆ ಹಾಗೆ ಹೇಳಿದ್ದಿಲ್ಲ. ಒಪ್ಪಿಕೊಂಡೆ. ನಾನು ಒಂದು ಕೆಲಸ ಒಪ್ಪಿದರೆ ಅಳತೆಪಟ್ಟಿ ಹಿಡಿದು ಮಾಡುವವನು.

ಆ್ಯಪಿಗೆ ಕನ್ನಡ ಬರುತ್ತಿತ್ತು, ಆದರೆ ಅದು ನಮ್ಮ ಕನ್ನಡವಲ್ಲ. ಹನ್ನೊಂದಕ್ಕೆ ಸರಿಯಾಗಿ ಐದೂ ಜನರ ಫೋನಿನಿಂದ ಒಮ್ಮೆಲೇ ಗಂಡಸಿನ ದನಿ ಏಳುತ್ತಿತ್ತು: “ಸೂರ್ಯನ ಕಿರಣಗಳು ಅತ್ಯಂತ ತೀವ್ರವಾಗಿವೆ. ದಯವಿಟ್ಟು ನೆರಳನ್ನು ಆಶ್ರಯಿಸಿರಿ.”

“ಯಾರಲೇ ಇಂವ, ಪುರಾಣ ಹೇಳಾಕತ್ತಾನ?” ಎನ್ನುತ್ತಿದ್ದ ದುರ್ಗಪ್ಪ. “ಆಶ್ರಯ ನೀನಽ ಕೊಡೋ ಮಾರಾಯ. ಡಾಂಬರ್ ಡಬ್ಬಿ ನೀ ಬಂದು ಹಿಡಿ.”

ಹಚ್ಚಿಕೊಳ್ಳಲು ಬಿಳಿ ಕ್ರೀಮನ್ನೂ ಕೊಟ್ಟಿದ್ದರು. ದುರ್ಗಪ್ಪ ಒಂದೇ ದಿನಕ್ಕೆ ಅರ್ಧ ಬುಡ್ಡಿ ಬಳಿದುಕೊಂಡು ಬೂದಿ ಹೊಡೆದ ಜೋಗಿಯಂತೆ ಕುಳಿತ. ಬೆವರಿಗೆ ಅದು ಕಣ್ಣಿಗಿಳಿದು ಉರಿಯಿತು, ಉಳಿದದ್ದಕ್ಕೆ ಡಾಂಬರಿನ ಹೊಗೆ ಮೆತ್ತಿಕೊಂಡಿತು. ಎಲ್ಲವನ್ನೂ ನಾನು ಮೇಡಂಗೆ ಇದ್ದದ್ದಿದ್ದಂತೆ ಹೇಳುತ್ತ ಹೋದೆ. ಕ್ರೀಮ್ ನಮ್ಮ ಕೆಲಸಕ್ಕೆ ಬರುವುದಿಲ್ಲ, ಬರೆದುಕೊಳ್ಳಿ. ತಲೆಗೆ, ಕುತ್ತಿಗೆಗೆ ಟವೆಲ್ ಸುತ್ತಿ ಎಂದದ್ದು ಖರೇ, ಬರೆದುಕೊಳ್ಳಿ. ಮಧ್ಯಾಹ್ನ ಕೆಳಗಿಳಿಯಿರಿ ಎನ್ನುವುದೂ ಖರೇ, ಆದರೆ ಆ ಮಾತು ಮನೆಯ ಮಾಲೀಕರ ಫೋನಿನಲ್ಲೂ ಕೂಗಬೇಕು, ನಮ್ಮ ಫೋನಿನಲ್ಲಿ ಕೂಗಿ ಉಪಯೋಗವಿಲ್ಲ. ಇದನ್ನಂತೂ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ ಎಂದೆ. ಮೇಡಂ ನಕ್ಕರು, ಆದರೆ ಬರೆದುಕೊಂಡರು.

ಮೊದಲ ದಿನವೇ ಆ್ಯಪ್ ನಮ್ಮ ಮೈಬಣ್ಣ ಕೇಳಿತ್ತು. ಹಾಲಿನ ಬಣ್ಣದಿಂದ ಸುಟ್ಟ ಇಟ್ಟಂಗಿಯ ಬಣ್ಣದವರೆಗೆ ಆರು ಗೋಲಗಳು. ಅಕ್ಕ ಕೊನೆಯ ಗೋಲ ಒತ್ತಿದಳು. ಕೂಡಲೇ ಹಸಿರು ಅಕ್ಷರ ಬಂತು: ನಿಮ್ಮ ಅಪಾಯ ಕಡಿಮೆ. ಅದನ್ನು ಓದಿ ಹೇಳಿದಾಗ ಅವಳಿಗೆ ಎಷ್ಟು ಖುಷಿ! “ನೋಡಲೇ ದುರ್ಗ್ಯಾ, ಕರ್‍ರಗ ಅದಾಳಂತ ನಕ್ಕಿದ್ರಿ. ಕಡೀ ಗೋಲದೋರಿಗೆ ಧೋಕಾ ಇಲ್ಲಂತ.” ಆ ಹಸಿರು ಅಕ್ಷರ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆಂದು ನನಗೇನು ಗೊತ್ತು.

ಕಲೆಗಳ ಫೋಟೋ ಹಿಡಿಯಲು ಶುರು ಮಾಡಿದ ಮೂರನೇ ದಿನ ಗಾಯತ್ರಿ ಮೇಡಂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಐದು ಜನರಲ್ಲಿ ನಾಲ್ವರ ತೋಳಿನ ಫೋಟೋಗಳಿಗೆ ಆ್ಯಪ್ ಕೆಂಪು ಗುರುತು ಹಾಕಿ, ಕೂಡಲೇ ಡಾಕ್ಟರನ್ನು ಕಾಣಬೇಕು ಎಂದು ಅವರ ಆಫೀಸಿಗೆ ಸುದ್ದಿ ಕಳಿಸಿತ್ತಂತೆ. ನಾನು ಫೋಟೋ ನೋಡಿದೆ, ನನ್ನ ತೋಳು ನೋಡಿಕೊಂಡೆ. ಸಾಸಿವೆ ಕಾಳಿನಷ್ಟು, ಉದ್ದಿನ ಕಾಳಿನಷ್ಟು ಕಪ್ಪು ಚುಕ್ಕೆಗಳು. ಸೀಮೆಎಣ್ಣೆಯ ಚಿಂದಿ ತೆಗೆದುಕೊಂಡು ಮೇಡಂ ಎದುರೇ ಒರೆಸಿದೆ. ಒಂದೂ ಉಳಿಯಲಿಲ್ಲ. ಕುದಿವ ಡಾಂಬರು ಸಿಡಿದ ಹನಿಗಳು ಅವು.

“ಮೇಡಂ, ನಿಮ್ಮ ಕ್ಯಾನ್ಸರ್ ಚಿಂದಿಗೆ ಬಂತು ನೋಡ್ರಿ!” ಎಂದು ದುರ್ಗಪ್ಪ ಚಿಂದಿಯನ್ನು ಧ್ವಜದಂತೆ ಎತ್ತಿ ಹಿಡಿದು ಮಾಳಿಗೆಯ ತುಂಬ ಕುಣಿದ. ಮೇಡಂ ನಗುತ್ತ ನಗುತ್ತ ನೀರಿನ ಡ್ರಮ್ಮಿನ ಪಕ್ಕ ಕುಳಿತೇಬಿಟ್ಟರು. ಕಣ್ಣೊರೆಸಿಕೊಂಡು, “ಇನ್ನ ಮ್ಯಾಲ ಒರಸ್ಕೊಂಡು ಫೋಟೋ ಹಿಡೀರಿ ಅಣ್ಣ” ಎಂದರು.

ಅಂದಿನಿಂದ ಸಂಜೆ ಕೆಲಸ ಬಿಟ್ಟ ಮೇಲೆ ಒರೆಸಿಕೊಳ್ಳುವುದೇ ಒಂದು ಆಟವಾಯಿತು. ಕೈ, ತೋಳು, ಮೊಣಕಾಲು. ಕೊನೆಗೆ ಅಂಗಾಲೂ. ಹಿಂದೆ ಅಂಗಾಲಿನ ಡಾಂಬರನ್ನು ಯಾರೂ ತೆಗೆಯುತ್ತಿರಲಿಲ್ಲ, ನಾಳೆ ಮತ್ತೆ ಹತ್ತುವುದೇ ತಾನೆ ಎಂದು. ಒಂದು ಸಂಜೆ ಅಕ್ಕ ಎಡಗಾಲನ್ನು ಬಲ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದಳು. ಬಹಳ ಹೊತ್ತು ತಿಕ್ಕಿದಳು. ನಾನು ಹೋಗಿ ಚಿಂದಿ ಕಿತ್ತುಕೊಂಡೆ.

“ಎಷ್ಟು ತಿಕ್ತೀ ಬಿಡು, ಚರ್ಮ ಸುಲೀತೈತಿ.”

“ಹಳೇ ಡಾಂಬರ ಇದು ಅಮರಾ. ಭಾಳ ದಿನದ್ದು, ಒಳಗ ಹಿಡದೈತಿ.”

ಹೊಸ ಚಿಂದಿಗೆ ಎಣ್ಣೆ ಹಾಕಿ ನಾನೇ ತಿಕ್ಕಿದೆ. ಹಿಮ್ಮಡಿಯ ಬಿರುಕಿನ ಪಕ್ಕ ಎಂಟಾಣೆಯಷ್ಟು ಅಗಲದ ಕಲೆ. ಒಂದು ಕಡೆ ಕಾಡಿಗೆ ಕಪ್ಪು, ಇನ್ನೊಂದು ಕಡೆ ಕಂದು. ಅಂಚು ನೀರಿಗೆ ಚೆಲ್ಲಿದ ಎಣ್ಣೆಯಂತೆ ಅಡ್ಡಾದಿಡ್ಡಿ. ಚಿಂದಿ ತಿರುಗಿಸಿ ನೋಡಿದೆ. ಚಿಂದಿ ಬೆಳ್ಳಗಿತ್ತು. ಕಲೆ ಹಾಗೇ ಇತ್ತು.

ಇಪ್ಪತ್ತು ವರ್ಷದಿಂದ ಡಾಂಬರಿನ ಜೊತೆ ಬದುಕಿದವನು ನಾನು. ಡಾಂಬರು ಹೇಗೆ ಹೋಗುತ್ತದೆ, ಹೇಗೆ ಹೋಗುವುದಿಲ್ಲ ಎಂದು ಯಾವ ಆ್ಯಪೂ ನನಗೆ ಹೇಳಿಕೊಡಬೇಕಿಲ್ಲ. ಚಿಂದಿ ಹಿಡಿದ ನನ್ನ ಕೈ ನೋಡಿಕೊಂಡೆ. ಆ ಬಿರುಕಿಗೆ ವರ್ಷಗಟ್ಟಲೆ ಮುಚ್ಚಳ ಹಾಕಿದ್ದು ಇದೇ ಕೈ.

ಅಕ್ಕನ ಫೋನ್ ತೆಗೆದೆ. ಆ್ಯಪಿನಲ್ಲಿ ಮನುಷ್ಯನ ಚಿತ್ರವಿತ್ತು, ಮುಂದಿನದು ಒಂದು, ಹಿಂದಿನದು ಒಂದು. ಕಲೆ ಇರುವ ಜಾಗ ಒತ್ತಬೇಕು. ಮುಖ ಇತ್ತು, ಕುತ್ತಿಗೆ, ತೋಳು, ಬೆನ್ನು ಇದ್ದವು. ಅಂಗಾಲಿಗೆ ಜಾಗವೇ ಇರಲಿಲ್ಲ. ತೋಳಿನ ಜಾಗದಲ್ಲೇ ಅಂಗಾಲಿನ ಫೋಟೋ ಹಾಕಿದೆ. ಅದು ಸ್ವಲ್ಪ ಹೊತ್ತು ಸುತ್ತಿ ಹಸಿರು ಅಕ್ಷರ ತೋರಿಸಿತು: ನಿಮ್ಮ ಅಪಾಯ ಕಡಿಮೆ.

ಡಾಂಬರಿನ ಹನಿಗೆ ಕೆಂಪು, ಇದಕ್ಕೆ ಹಸಿರು!

“ನಾಳೆ ದವಾಖಾನಿಗೆ ನಡಿ ಅಕ್ಕಾ.”

“ಫೋನ್ ಏನಂತೈತಿ?”

“ಅದಕ್ಕ ಬುದ್ಧಿ ಇಲ್ಲ.”

“ಏನಂತೈತಿ ಹೇಳು ಮೊದಲ.”

ಸುಳ್ಳು ಹೇಳಬಹುದಿತ್ತು. ಹೇಳಲು ಬರಲಿಲ್ಲ. ಅವಳು ಕಾಲು ಕೆಳಗಿಟ್ಟಳು.

“ಅಷ್ಟು ಓದಿದೋರು ಮಾಡಿದ ಆ್ಯಪ್ ಧೋಕಾ ಇಲ್ಲಂತೈತಿ. ಏಳನೇತ್ತ ಪಾಸಾಗದಂವ ನೀನು ಐತಿ ಅಂತೀ. ಯಾರ ಮಾತು ಕೇಳ್ಲೋ ತಮ್ಮಾ? ಮಳಿ ಬರೂದ್ರಾಗ ಇನ್ನ ಮೂರು ಮಾಳಿಗಿ ಅದಾವು. ನಾ ದವಾಖಾನ್ಯಾಗ ಕುಂತ್ರ ಗಾಳಿ ಹುಡುಕೋರ್‍ಯಾರು, ನಿಮ್ಮಪ್ಪಾ?”

“ನಿಮ್ಮಪ್ಪನೂ ಅವನಽ ಅಲ್ಲೇನು!” ಎಂದೆ. ನಗಲಿಲ್ಲ ಅವಳು.

ಎರಡು ದಿನ ಮಾತು ಬಿಟ್ಟೆವು. ಮೂರನೇ ಬೆಳಿಗ್ಗೆ ಅವಳು ಶೀಟಿನ ಮೇಲೆ ಕಾಲಿಡಲು ಬಂದಾಗ ನಾನು ಅಡ್ಡ ನಿಂತೆ. ತಂಡಕ್ಕೆ ನಾನು ಮೇಸ್ತ್ರಿ, ಇವತ್ತು ಈ ಮಾಳಿಗೆಯ ಮೇಲೆ ಯಾರೂ ಕೆಲಸ ಮಾಡುವುದಿಲ್ಲ, ಮಳೆ ಬಂದು ಮಾಲೀಕನ ಸೋಫಾ ತೇಲಿಹೋದರೂ ಸರಿ ಎಂದೆ. ದುರ್ಗಪ್ಪ ಒಲೆ ಆರಿಸಿದ. ತಮಾಷೆ ಬಿಟ್ಟು ಅವನು ಒಂದು ಮಾತಾಡಿದ್ದು ಅದೇ ಮೊದಲು: “ಯಕ್ಕಾ, ನೀ ಗಾಳಿ ಐತಿ ಅಂದ್ರ ಅಂವ ಒಂದಿನ ಇಲ್ಲಂದಾನೇನು? ಕಣ್ಣು ಮುಚ್ಚಿ ಕೊಯ್ದಾನ. ಇವತ್ತ ಅಂವ ಐತಿ ಅನ್ನಾಕತ್ತಾನ.”

ಅಕ್ಕ ಸೀರೆ ಇಳಿಸಿ ಕಟ್ಟಿಕೊಂಡು ಮೆಟ್ಟಿಲಿನ ಕಡೆ ನಡೆದಳು.

ಕೋಠಿ ಕಡೆಯ ಸರ್ಕಾರಿ ದವಾಖಾನೆಗೆ ಗಾಯತ್ರಿ ಮೇಡಂ ರಜೆ ಹಾಕಿ ಬಂದರು. ಔಷಧದ ಅಂಗಡಿಗಳ ಸಾಲು, ಬಸ್ಸಿನ ಹಾರನ್ನು, ಆಟೋಗಳ ನಡುವೆ ಅಕ್ಕ ಚಪ್ಪಲಿ ಹಾಕಿಕೊಂಡು ಅಭ್ಯಾಸವಿಲ್ಲದವಳಂತೆ ನಡೆದಳು. ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ತೊಡೆಯ ಸಂದಿಯನ್ನು ಒತ್ತಿ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗಿನ ದಿನಗಳನ್ನು ನಾನು ಬರೆಯುವುದಿಲ್ಲ. ಬಂದ ಮೇಲೆ ಅವರು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಕ್ಯಾನ್ಸರೇ. ಆದರೆ ಆಳಕ್ಕೆ ಇಳಿದಿಲ್ಲ. ನಮ್ಮಂಥ ಬಣ್ಣದವರಿಗೆ ಈ ಜಾತಿಯದು ಬಂದರೆ ಎಷ್ಟೋ ಸಲ ಅಂಗಾಲಿಗೆ, ಅಂಗೈಗೆ, ಉಗುರಿನ ಕೆಳಗೇ ಬರುತ್ತದಂತೆ. ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಹಿಮ್ಮಡಿಯ ಚರ್ಮ ತೆಗೆದು ತೊಡೆಯ ಚರ್ಮ ಹಾಕುತ್ತೇವೆ, ಇನ್ನೊಂದು ವರ್ಷ ಬಿಟ್ಟಿದ್ದರೆ ಕಾಲಿನ ಮಾತು ಬೇರೆಯಾಗುತ್ತಿತ್ತು ಎಂದರು.

ನಾನು ಕೇಳಲೇಬೇಕಾಗಿದ್ದನ್ನು ಕೇಳಿದೆ. “ನಾ ತುಂಬಿದ ಡಾಂಬರಿನಿಂದ ಬಂತೇನಮ್ಮ?”

ಹಾಗೆ ಹೇಳಲು ಬರುವುದಿಲ್ಲ, ಆದರೆ ಡಾಂಬರು ಅದನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟಿತು ಎಂದರು. ಒರೆಸಿಕೊಳ್ಳಲು ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ, ಕೊಬ್ಬರಿ ಎಣ್ಣೆ ಸಾಕು ಎಂದೂ ಹೇಳಿದರು. ಅಕ್ಕ ಕೇಳಿದ್ದು ಒಂದೇ: “ತೊಡಿ ಚರ್ಮಕ್ಕ ಗಾಳಿ ಗೊತ್ತಾಕೈತೇನು?” ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ನಾನು ಕಿಟಕಿಯ ಕಡೆ ತಿರುಗಿದೆ.

ಜೂನಿನ ಮಿರಗದ ಮಳೆ ಶುರುವಾದ ವಾರ ಆ್ಯಪಿಗೆ ಮಾರ್ಕು ಕೊಡುವ ದಿನ ಬಂತು. ಆಪರೇಷನ್ ಮುಗಿದು ಅಕ್ಕ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದಳು. ಹಿಮಾಯತ್‌ನಗರದ ಆಫೀಸಿನ ಏಸಿ ಕೋಣೆಯಲ್ಲಿ ಚಹಾ, ಸಮೋಸ. ಬೇರೆ ಬೇರೆ ತಂಡಗಳವರು ಬಂದಿದ್ದರು. ಗಾಯತ್ರಿ ಮೇಡಂಗೆ ಮೇಲಧಿಕಾರಿಯಾದ ಸರ್ ಒಬ್ಬರು ಎದ್ದು ಹಿಂದಿಯಲ್ಲಿ ಮಾತಾಡಿದರು. ಡಾಂಬರಿನ ಹನಿಗೆ ಕೆಂಪು ಬಂದದ್ದು ಬಳಸುವವರ ತಪ್ಪು, ತೊಳೆದುಕೊಂಡು ಹಿಡಿಯಬೇಕಿತ್ತು ಎಂದರು. ಈಗ ಎಲ್ಲರೂ ಫೋನಿನಲ್ಲಿ ಐದು ನಕ್ಷತ್ರದಲ್ಲಿ ಎಷ್ಟು ಎಂದು ಒತ್ತಿರಿ ಎಂದರು.

ನಾನು ಕೈ ಎತ್ತಿದೆ. ಅಂಗಾಲಿಗೆ ಜಾಗ ಎಲ್ಲಿ ಎಂದು ನಮ್ಮ ಹೈದರಾಬಾದಿ ಹಿಂದಿಯಲ್ಲೇ ಕೇಳಿದೆ.

“ಅದು ಇದರ ವಿಷಯವಲ್ಲ. ಇದು ಬಿಸಿಲಿನ ಆ್ಯಪ್. ಅಂಗಾಲಿಗೆ ಬಿಸಿಲು ಬೀಳುವುದಿಲ್ಲ.”

“ಹಂಗಿದ್ರ ಕಡೀ ಗೋಲದೋರಿಗೆ ಅಪಾಯ ಕಡಿಮಿ ಅಂತ ಯಾಕ ಹೇಳ್ತು? ಬಿಸಿಲಿಂದು ನನಗ ಗೊತ್ತು, ಉಳಿದದ್ದು ಗೊತ್ತಿಲ್ಲ ಅಂತ ಹೇಳಬೇಕಿತ್ತು. ನಮ್ಮಕ್ಕ ಆ ಹಸಿರು ಅಕ್ಷರ ನಂಬಿ ಕಾಲು ಕೆಳಗಿಟ್ಲು.”

“ಅಮರೇಶ್, ಅದು ಒಬ್ಬರ ಕೇಸು. ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡಿ.”

ಏಳನೇ ಇಯತ್ತೆಯಲ್ಲಿ ನಮ್ಮ ಮಾಸ್ತರರೂ ಇದೇ ಮಾತು ಅಂದಿದ್ದರು. ಅಂದು ನಾನು ಬಗ್ಗಿಸಿದ ತಲೆ ಎತ್ತದೆ ಹೊರಗೆ ಹೋಗಿದ್ದೆ. ಈ ಸಲ ಎದ್ದು ನಿಂತೆ.

“ಪರೀಕ್ಷಾಕ್ಕ ಕುಂತೋರು ಯಾರು ಸರ್? ನಾನೋ, ಇದೋ? ಮಾಳಿಗಿ ಕೆಲಸದಾಗ ಒಂದು ತೂತು ಉಳಿದ್ರ ಮಾಲೀಕ ರೊಕ್ಕ ಕೊಡಂಗಿಲ್ಲ. ಉಳಿದ ಮಾಳಿಗಿ ಚಲೋ ಐತಲ್ಲ ಅಂತ ನಾ ಅನ್ನಾಕ ಬರಂಗಿಲ್ಲ. ಆ ತೂತಿನ ಕೆಳಗ ಮಲಗಿದಾಕಿ ನಮ್ಮಕ್ಕ ಇದ್ಲು. ತೂತು ಮುಚ್ಚಿ ಬರ್ರಿ, ಮಾರ್ಕು ಹಾಕ್ತೀನಿ.”

ಸರ್ ಮುಖ ಕೆಂಪಾಗಿತ್ತು. ದುರ್ಗಪ್ಪ ತನ್ನ ಫೋನನ್ನು ಜೇಬಿಗೆ ಹಾಕಿಕೊಂಡ. ಅವನನ್ನು ನೋಡಿ ಇನ್ನಿಬ್ಬರೂ ಹಾಕಿಕೊಂಡರು. ಗಾಯತ್ರಿ ಮೇಡಂ ಮಾತ್ರ ತಲೆ ಬಗ್ಗಿಸಿ ಬರೆಯುತ್ತಿದ್ದರು. ನಾನು ಹೋಗಿ ಪಕ್ಕ ನಿಂತು, ಓದಿ ಹೇಳಿರಿ ಮೇಡಂ ಎಂದೆ. ಅವರು ಸರ್ ಎದುರೇ ದೊಡ್ಡ ದನಿಯಲ್ಲಿ ಓದಿದರು. ಒಂದು ಮಾತೂ ಬಿಟ್ಟಿರಲಿಲ್ಲ.

ಆ ಆ್ಯಪ್ ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ನನ್ನ ಹಳೇ ಫೋನಿನಲ್ಲಿ ಇಂದಿಗೂ ಇದೆ. ನಿಮ್ಮ ಅಭಿಪ್ರಾಯ ಬಾಕಿ ಇದೆ ಎಂದು ಆಗಾಗ ಕೇಳುತ್ತದೆ. ಬಾಕಿಯೇ ಇರಲಿ. ಬೇಸಿಗೆಯಲ್ಲಿ ಹನ್ನೊಂದಾಯಿತೆಂದರೆ ಈಗಲೂ ಪುರಾಣ ಹೇಳುತ್ತದೆ. ಖರೇ ಮಾತಿಗೆ ನನ್ನ ತಕರಾರಿಲ್ಲ. ನಾಲ್ಕೂವರೆಗೆ ಎದ್ದು ಕೆಲಸ ಹಿಡಿದು ಹನ್ನೊಂದಕ್ಕೆ ನಾವು ಇಳಿದುಬಿಡುತ್ತೇವೆ. ಒಪ್ಪದ ಮಾಲೀಕರ ಮಾಳಿಗೆ ಹತ್ತುವುದೇ ಇಲ್ಲ. ಹಿಮ್ಮಡಿಗೆ ಡಾಂಬರು ತುಂಬುವುದು ಬಂದ್. ಪ್ರತಿ ಭಾನುವಾರ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟುಕೊಂಡು ಅಕ್ಕ ಕೂರುತ್ತಾಳೆ. ನಮ್ಮ ಕಡೆಯಿಂದ ಬಂದು ಸನತ್‌ನಗರದಲ್ಲಿರುವ ಕೂಲಿಯವರೆಲ್ಲ ಕಾಲು ಚಾಚಬೇಕು. ಚಿಂದಿಗೆ ಬಂದದ್ದು ಡಾಂಬರು, ಬಾರದ ಕಲೆ ಇದ್ದವರನ್ನು ಕೋಠಿಯ ದವಾಖಾನೆಗೆ ಅಟ್ಟುತ್ತಾಳೆ. “ಫೋನ್ ಹಸಿರು ಅಂದೈತಿ” ಎಂದು ಒಬ್ಬ ಹೇಳಿ ಅವಳ ಕೈಯಿಂದ ಎಣ್ಣೆಯ ಚಿಂದಿಯ ಏಟು ತಿಂದದ್ದೂ ಉಂಟು.

ದವಾಖಾನೆಗೆ ತಪ್ಪದೆ ತೋರಿಸಿಕೊಂಡು ಬರುತ್ತಾಳೆ. ಮಾಳಿಗೆ ಬಿಡು ಎಂದು ನಾನು ಎಷ್ಟೋ ಹೇಳಿದೆ. ಮರುಬೇಸಿಗೆ ಒಂದು ಬೆಳಿಗ್ಗೆ, ಶೀಟು ಹಾಸಿ ಮುಗಿಸಿ ನಾನೇ ಬರಿಗಾಲಲ್ಲಿ ಗಾಳಿ ಹುಡುಕುತ್ತಿದ್ದೆ. ನನ್ನ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸದ್ದಾಯಿತು. ಅಕ್ಕ ಬಂದಿದ್ದಳು. ಎಡಗಾಲಿಗೆ ಮೆತ್ತನೆಯ ರಬ್ಬರ್ ಬೂಟು, ಅದರ ಅಡಿಯನ್ನು ಸೆರಗಿನಿಂದ ಎರಡು ಸಲ ಒರೆಸಿ ಹರಳಿಲ್ಲವೆಂದು ನೋಡಿಕೊಂಡಳು. ಬಲಗಾಲು ಬರಿದು.

“ಸರಿ ಆಕಡೆ. ಎಮ್ಮಿ ತುಳದಂಗ ತುಳದೀ.”

ಒಂದು ಹೆಜ್ಜೆ ಬೂಟಿನದು, ಒಂದು ಹೆಜ್ಜೆ ಬರಿಗಾಲಿನದು. ಹಿಂದೆ ಒಂದು ಸಲ ನಡೆಯುತ್ತಿದ್ದ ಸಾಲನ್ನು ಈಗ ಎರಡು ಸಲ ನಡೆದಳು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಾನು ಆಗಲೇ ಮೂರು ಬಾರಿ ನಡೆದು ಸರಿಯಿದೆ ಎಂದು ಬಿಟ್ಟಿದ್ದ ಮೂಲೆಯಲ್ಲಿ ನಿಂತಳು. ಬಲಗಾಲಿನ ಹೆಬ್ಬೆರಳು ಒತ್ತಿ ಎತ್ತಿದಳು.

“ಇಲ್ಲಿ ಗಾಳಿ ಐತಿ. ಕೊಯ್ಯಿ.”

ಕೊಯ್ದೆ. ಗಾಳಿ ಇತ್ತು.